ಸ್ಕಿಜೋಫ್ರೇನಿಯಾ ಮಾತ್ರೆಗಳು: ಲಾಭವೆಷ್ಟು, ತೊಂದರೆಯೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ ಎದುರು ಕುಳಿತಾಗ ಹೊಳೆಯದ ಪ್ರಶ್ನೆಗಳೆಲ್ಲ ಮೆಡಿಕಲ್ ಶಾಪಿನ ಮುಂದೆ ಚೀಟಿ ಹಿಡಿದು ನಿಂತಾಗ ಹೊಳೆಯುತ್ತವೆ. ಸ್ಕಿಜೋಫ್ರೇನಿಯಾಕ್ಕೆ (ಇಚ್ಚಿತ್ತ ವಿಕಲತೆ ಎಂದೂ ಬರೆಯುತ್ತಾರೆ) ಕೊಡುವ ಆಂಟಿಸೈಕೋಟಿಕ್ ಮಾತ್ರೆಗಳ ಬಗ್ಗೆ ಕಾಯಿಲೆಯವರೂ ಮನೆಯವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಡೋಸುಗಳನ್ನು ಬರೆದಿರುವುದು ಚೀಟಿ ನಿಮಗೆ ಅರ್ಥವಾಗಲಿ ಎಂದು. ಅದನ್ನು ನೋಡಿಕೊಂಡು ನೀವೇ ಏರಿಸುವುದು, ಇಳಿಸುವುದು ಬೇಡ.

ಪ್ರಶ್ನೆ: ಇದು ಬರೀ ನಿದ್ದೆ ಮಾತ್ರೆ ತಾನೇ?

ಅಲ್ಲ. ಮೊದಮೊದಲು ನಿದ್ದೆ ಜಾಸ್ತಿಯಾಗುವುದು ನಿಜ, ಆದರೆ ಮಾತ್ರೆ ಕೊಡುವುದು ಅದಕ್ಕಲ್ಲ. ಹ್ಯಾಲೊಪೆರಿಡಾಲ್‌ನಲ್ಲಿ ಮಂಪರು ಕಡಿಮೆ. ಆದರೂ ಕಿವಿಯಲ್ಲಿ ಕೇಳಿಸುವ ಮಾತುಗಳನ್ನು ಅದು ತಗ್ಗಿಸುತ್ತದೆ. ಈ ಮಾತ್ರೆಗಳು ಮಿದುಳಿನಲ್ಲಿ ಡೋಪಮಿನ್ ಬಂದು ಕೂರುವ ಜಾಗಗಳನ್ನು ಭಾಗಶಃ ಮುಚ್ಚುತ್ತವೆ. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆ ಶುರುವಾದಾಗಿನಿಂದ ಬಂದವೆಲ್ಲ ಹೆಚ್ಚುಕಡಿಮೆ ಇದೇ ದಾರಿಯವು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜನೊಮೆಲಿನ್-ಟ್ರೋಸ್ಪಿಯಂ ಜೋಡಿ ಮಾತ್ರ ಬೇರೆ ದಾರಿ ಹಿಡಿದಿದೆ.

ಹೆಚ್ಚಿನ ಮಾತ್ರೆಗಳಲ್ಲಿ ಈ ಜಾಗಗಳ ಪೈಕಿ ಶೇ. 65ರಷ್ಟು ಮುಚ್ಚಿದಾಗ ಲಾಭ ಕಾಣತೊಡಗುತ್ತದೆ, ಶೇ. 80ರ ಆಸುಪಾಸು ದಾಟಿದರೆ ಕೈ ನಡುಕ, ಮೈ ಬಿಗಿತ ಶುರುವಾಗುತ್ತದೆ. ರಿಸ್ಪೆರಿಡೋನ್ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ ದಿನಕ್ಕೆ 2 ಮಿ.ಗ್ರಾಂಗೆ ಶೇ. 66, 4 ಮಿ.ಗ್ರಾಂಗೆ ಶೇ. 73, 6 ಮಿ.ಗ್ರಾಂಗೆ ಶೇ. 79 ಮುಚ್ಚಿತ್ತು. ಡೋಸು ಮೂರು ಪಟ್ಟಾದರೂ ಲಾಭ ಮೂರು ಪಟ್ಟಾಗದಿರುವುದು ಇದಕ್ಕೇ. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಮಾತ್ರೆ ಬಿಡುವ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಪ್ರಶ್ನೆ: ಎಷ್ಟು ದಿನಕ್ಕೆ ಗುಣ ಕಾಣುತ್ತೆ?

ಮೊದಲ ವಾರದಲ್ಲಿ ನಿದ್ದೆ ಸರಿಹೋಗುತ್ತದೆ, ರೇಗಾಟ ಇಳಿಯುತ್ತದೆ. ಕಿವಿಯಲ್ಲಿ ಕೇಳಿಸುವ ಮಾತು ಮತ್ತು ಅನುಮಾನ ತಗ್ಗುವುದು ನಿಧಾನ. ಎಷ್ಟೋ ಜನ ಎರಡು-ಮೂರು ವಾರಕ್ಕೆ ಹೇಳುವುದು "ಮಾತು ಕೇಳಿಸ್ತದೆ, ಆದ್ರೆ ಕಿವಿಗೊಡಬೇಕು ಅನ್ಸಲ್ಲ" ಎಂದು. ಅದೇ ಒಳ್ಳೆಯ ಸೂಚನೆ. ಒಂದು ಮಾತ್ರೆಯನ್ನು ಸರಿಯಾದ ಡೋಸಿನಲ್ಲಿ 4ರಿಂದ 6 ವಾರ ನೋಡದೆ "ಕೆಲಸ ಮಾಡ್ಲಿಲ್ಲ" ಎನ್ನಲಾಗದು. ಹತ್ತು ದಿನಕ್ಕೊಬ್ಬ ಡಾಕ್ಟರನ್ನು ಬದಲಿಸುವ ಮನೆಗಳಲ್ಲಿ ಯಾವ ಮಾತ್ರೆಗೂ ಅಷ್ಟು ಅವಕಾಶವೇ ಸಿಗುವುದಿಲ್ಲ.

ಪ್ರಶ್ನೆ: ಲಾಭ ಎಷ್ಟು ಅಂತ ಲೆಕ್ಕದಲ್ಲಿ ಹೇಳ್ತೀರಾ?

ಕಾಯಿಲೆ ಕೆರಳಿರುವಾಗ ಸಿಗುವ ಲಾಭ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಅರವತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟು ಮಾಡಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸ್ವಲ್ಪವಾದರೂ ಸುಧಾರಿಸಿದವರು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 51, ಮದ್ದಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 30. ಚೆನ್ನಾಗಿ ಸುಧಾರಿಸಿದವರು ಶೇ. 23 ಮತ್ತು ಶೇ. 14.

ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಮಾತ್ರೆಯ ಬಲ ಹೆಚ್ಚು. 65 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2012ರ ವಿಶ್ಲೇಷಣೆಯಲ್ಲಿ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಮಾತ್ರೆ ಮುಂದುವರಿಸಿದವರಲ್ಲಿ ಶೇ. 27ಕ್ಕೆ, ಬಿಟ್ಟವರಲ್ಲಿ ಶೇ. 64ಕ್ಕೆ. ಆಯಸ್ಸಿನ ಮಾತಿಗೆ ಬಂದರೆ, ಫಿನ್ಲೆಂಡಿನಲ್ಲಿ 62,250 ಜನರ ದಾಖಲೆ ಹಿಡಿದು 20 ವರ್ಷದ ಸಾವಿನ ಲೆಕ್ಕ ತೆಗೆದರು. ಮಾತ್ರೆ ಇಲ್ಲದ ಅವಧಿಗೆ ಶೇ. 46.2, ಯಾವುದಾದರೊಂದು ಆಂಟಿಸೈಕೋಟಿಕ್ ಇದ್ದಾಗ ಶೇ. 25.7, ಕ್ಲೋಜಪಿನ್ ಇದ್ದಾಗ ಶೇ. 15.6 ಬಂತು. ತಪ್ಪದೆ ಮಾತ್ರೆ ತೆಗೆದುಕೊಳ್ಳುವವರು ಬೇರೆ ವಿಷಯಗಳಲ್ಲೂ ಜಾಗರೂಕರಾಗಿರಬಹುದು, ಹಾಗಾಗಿ ಇಷ್ಟೂ ವ್ಯತ್ಯಾಸವನ್ನು ಮಾತ್ರೆಯ ಖಾತೆಗೇ ಬರೆಯುವುದು ಸರಿಯಲ್ಲ. ಆದರೆ "ಮಾತ್ರೆ ತಿಂದು ತಿಂದು ಬೇಗ ಸಾಯ್ತಾರೆ" ಎಂಬ ಹೆದರಿಕೆಗೆ ಇದರಲ್ಲಿ ಉತ್ತರವಿದೆ.

ನಮ್ಮದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಗಳಲ್ಲಿದ್ದ ಸ್ಕಿಜೋಫ್ರೇನಿಯಾದವರನ್ನು ಹುಡುಕಿ, ಚಿಕಿತ್ಸೆ ಕೊಟ್ಟು ಗಮನಿಸಿದರು. ಮಾತ್ರೆ ತೆಗೆದುಕೊಂಡವರ ದಿನನಿತ್ಯದ ಅಂಗವೈಕಲ್ಯ ತಗ್ಗಿತು, ಚಿಕಿತ್ಸೆ ಇಲ್ಲದವರದು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಪ್ರಶ್ನೆ: ಮಾತ್ರೆ ಶುರುವಾದ ಮೇಲೆ ಮಂಕಾಗಿ ಕೂತಿರ್ತಾನೆ. ಮಾತ್ರೆಯಿಂದಲೇ ಅಲ್ವಾ?

ಇದಕ್ಕೆ ಮೂರು ಕಾರಣ ಇರಬಹುದು, ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು, ಕಾಯಿಲೆಯೇ. ಮಾತು ಕಡಿಮೆಯಾಗುವುದು, ಸ್ನಾನಕ್ಕೂ ಎಬ್ಬಿಸಬೇಕಾಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಸ್ಕಿಜೋಫ್ರೇನಿಯಾದ ಲಕ್ಷಣಗಳೇ. ಇವುಗಳ ಮೇಲೆ ಈ ಮಾತ್ರೆಗಳ ಪ್ರಭಾವ ಬಹಳ ಕಡಿಮೆ. ಈ ಮಾತ್ರೆಗಳ ದೊಡ್ಡ ಸೋಲು ಇದೇ. ಇದಕ್ಕೆ ಡೋಸು ಏರಿಸಿ ಪ್ರಯೋಜನವಿಲ್ಲ. ದಿನಕ್ಕೊಂದು ಸಣ್ಣ ಕೆಲಸ, ಗೊತ್ತಾದ ಹೊತ್ತಿಗೆ ಏಳುವುದು, ಪುನರ್ವಸತಿ ಕೇಂದ್ರದ ತರಬೇತಿ, ಇಂಥವು ಬೇಕು.

ಎರಡು, ಮಾತ್ರೆ. ಹೆಜ್ಜೆ ಹಾಕುವಾಗ ಕೈ ಬೀಸುತ್ತಿಲ್ಲ, ಕಣ್ಣು ಪಿಳುಕಿಸುವುದು ಕಡಿಮೆ, ಮುಖ ಮುಖವಾಡದಂತೆ, ಅಂಗಿ ಗುಂಡಿ ಹಾಕಲು ಮೊದಲಿಗಿಂತ ಎರಡರಷ್ಟು ಹೊತ್ತು, ಅಕ್ಷರ ಬರಬರುತ್ತಾ ಸಣ್ಣದು, ಬಾಯಿಂದ ಜೊಲ್ಲು. ಡೋಸು ಏರಿಸಿದ ಕೆಲವೇ ವಾರಗಳಲ್ಲಿ ಇವು ಕಂಡರೆ ಮಾತ್ರೆಯದೇ ಕೆಲಸ. ಡೋಸು ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಹೋಗುತ್ತದೆ.

ಮೂರು, ಖಿನ್ನತೆ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಮುಂದಿನ ತಾರೀಕಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಎರಡನೇ ದಿನವೇ ಕತ್ತು ತಿರುಚಿಕೊಂಡು ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಮೈಮೇಲೆ ಏನಾದ್ರೂ ಬಂತಾ?

ಇಲ್ಲ. ಇದರ ಹೆಸರು ಡಿಸ್ಟೋನಿಯಾ, ಮಾತ್ರೆಯಿಂದ ಸ್ನಾಯುಗಳು ಹಿಡಿದುಕೊಳ್ಳುವುದು. ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲಿ, ಹೆಚ್ಚಾಗಿ ಹರೆಯದ ಗಂಡಸರಲ್ಲಿ, ಅದರಲ್ಲೂ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಆದ ಮೇಲೆ ಬರುತ್ತದೆ. ನೋಡುವವರ ಎದೆ ಒಡೆಯುತ್ತದೆ, ಆದರೆ ಮದ್ದು ಸುಲಭ. ಹತ್ತಿರದ ಯಾವ ಆಸ್ಪತ್ರೆಯಲ್ಲಾದರೂ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯೊಳಗೆ ಬಿಡುತ್ತದೆ. ಚೀಟಿ ಜೊತೆಗೆ ಒಯ್ಯಿರಿ. ಇಲ್ಲದಿದ್ದರೆ ಫಿಟ್ಸ್ ಎಂದೋ ಧನುರ್ವಾಯು ಎಂದೋ ಹೊತ್ತು ಕಳೆಯುತ್ತದೆ. ಗಂಟಲು ಬಿಗಿದು ಉಸಿರಿಗೆ ತೊಂದರೆಯಾದರೆ 108.

ಪ್ರಶ್ನೆ: ಕೂತಲ್ಲಿ ಕೂರಲ್ಲ, ರಾತ್ರಿಯೆಲ್ಲ ಓಡಾಡ್ತಾಳೆ. ಕಾಯಿಲೆ ಜಾಸ್ತಿ ಆಯ್ತಾ?

ಇರಬಹುದು, ಆದರೆ ಮೊದಲು ಅಕಥೀಸಿಯಾ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಅದೂ ಮಾತ್ರೆಯ ಅಡ್ಡಪರಿಣಾಮವೇ, ಒಳಗಿನ ಚಡಪಡಿಕೆ. "ಕಾಲಲ್ಲಿ ಏನಾಗ್ತಿದೆ?" ಎಂದು ನೇರ ಕೇಳಿ. ನಿಂತರೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುವುದು, ಕೂತರೆ ಮಂಡಿ ಅಲ್ಲಾಡಿಸುವುದು, ನಡೆದಾಗ ಮಾತ್ರ ಸ್ವಲ್ಪ ಹಾಯೆನಿಸುವುದು ಇದರ ಗುರುತು. ಇದನ್ನು ಕಾಯಿಲೆ ಎಂದು ತಿಳಿದು ಡೋಸು ಏರಿಸಿದರೆ ಚಡಪಡಿಕೆ ಇನ್ನಷ್ಟಾಗುತ್ತದೆ, ಮತ್ತೆ ಡೋಸು ಏರುತ್ತದೆ. ಈ ಸುಳಿ ಅಪಾಯದ್ದು, ತಾಳಲಾರದೆ ಜೀವ ಕಳೆದುಕೊಳ್ಳುವ ಯೋಚನೆ ಬರುವುದುಂಟು. ಡೋಸು ಇಳಿಸುವುದು, ಮಾತ್ರೆ ಬದಲಿಸುವುದು, ಪ್ರೊಪ್ರನೊಲಾಲ್ ಸೇರಿಸುವುದು (ಆಸ್ತಮಾ ಇದ್ದವರಿಗೆ ಕೂಡದು) ಡಾಕ್ಟರು ಮಾಡುವ ಕೆಲಸ. ಅರಿಪಿಪ್ರಜೋಲ್ "ಅಡ್ಡಪರಿಣಾಮ ಕಡಿಮೆ" ಎಂದು ಹೆಸರು ಮಾಡಿದ್ದರೂ ಈ ಒಂದು ವಿಷಯದಲ್ಲಿ ಹುಷಾರು.

ಪ್ರಶ್ನೆ: ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ಯಾವುದಕ್ಕೆ?

ನಡುಕ, ಬಿಗಿತಕ್ಕೆ. ನಮ್ಮಲ್ಲಿ ರಿಸ್ಪೆರಿಡೋನ್ ಜೊತೆ ಒಂದೇ ಮಾತ್ರೆಯಾಗಿಯೂ ಸಿಗುವುದರಿಂದ ಬೇಕಿದ್ದವರಿಗೂ ಬೇಡದವರಿಗೂ ವರ್ಷಗಟ್ಟಲೆ ಹೋಗುತ್ತಿರುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜು, ಮರೆವು, ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟುವುದು ಇದರ ಬೆಲೆ. ಸುಮಾರು ಮೂರು ತಿಂಗಳಾದ ಮೇಲೆ "ಇದು ಇನ್ನೂ ಬೇಕಾ?" ಎಂದು ಕೇಳಿ. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಮೂರು ತಿಂಗಳಲ್ಲಿ ಎಂಟು ಕೆಜಿ ಏರಿದಳು. ಏನು ಮಾಡೋದು?

ಒಲಾಂಜಪಿನ್ ಮತ್ತು ಕ್ಲೋಜಪಿನ್‌ನಲ್ಲಿ ತೂಕ ಏರುವುದು ಜಾಸ್ತಿ. ರಿಸ್ಪೆರಿಡೋನ್, ಕ್ವೆಟಿಯಪಿನ್ ನಡುವೆ. ಅರಿಪಿಪ್ರಜೋಲ್, ಲುರಾಸಿಡೋನ್, ಜಿಪ್ರಸಿಡೋನ್‌ನಲ್ಲಿ ಕಡಿಮೆ. ಹಸಿವು ಹೆಚ್ಚಾಗುತ್ತದೆ, ಹೊಟ್ಟೆ ತುಂಬಿದ ಭಾವ ತಡವಾಗಿ ಬರುತ್ತದೆ. ಇದನ್ನು ಹೊಟ್ಟೆಬಾಕತನ ಎಂದು ಬೈಯುವುದು ಅನ್ಯಾಯ.

ಏರಿದ ತೂಕ ಇಳಿಸುವುದು ಕಷ್ಟ, ಏರದಂತೆ ನೋಡಿಕೊಳ್ಳುವುದು ಅದಕ್ಕಿಂತ ಸುಲಭ. ಶುರು ಮಾಡುವ ದಿನವೇ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಬರೆದಿಡಿ. ಮೊದಲ ಆರು ವಾರ ವಾರಕ್ಕೊಮ್ಮೆ ತೂಕ ನೋಡಿ, ಮೂರನೇ ತಿಂಗಳಿಗೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. 60 ಕೆಜಿಯವರು ಮೊದಲ ತಿಂಗಳಲ್ಲೇ 63 ದಾಟಿದರೆ ಮುಂದೆ ಇನ್ನೂ ಏರುವ ಸಂಭವ ಹೆಚ್ಚು. ಆಗಲೇ ಡಾಕ್ಟರಿಗೆ ತಿಳಿಸಿ. ನಮ್ಮವರಲ್ಲಿ ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ ಮುಟ್ಟಿದರೆ ಎಚ್ಚರದ ಗಂಟೆ. ಮಾತ್ರೆ ಬದಲಿಸಬಹುದು, ಅಥವಾ ಕಿಡ್ನಿ ಪರೀಕ್ಷೆ ಮಾಡಿ ಮೆಟ್‌ಫಾರ್ಮಿನ್ ಸೇರಿಸಬಹುದು. ಮನೆಯಲ್ಲಿ ಮಾಡಬಹುದಾದ್ದು: ಅನ್ನವನ್ನು ತಟ್ಟೆಗೆ ಒಂದೇ ಸಲ ಬಡಿಸಿ ಪಾತ್ರೆ ಒಳಗಿಡುವುದು, ಬಾಯಿ ಒಣಗಿತೆಂದು ಜ್ಯೂಸು, ಸಕ್ಕರೆ ಕಾಫಿ ಕುಡಿಸುವ ಬದಲು ನೀರು ಮಜ್ಜಿಗೆ ಕೊಡುವುದು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

ಪ್ರಶ್ನೆ: ಮುಟ್ಟು ನಿಂತಿದೆ, ಎದೆಯಲ್ಲಿ ಹಾಲು ಬರ್ತಿದೆ. ಹೇಳೋಕೆ ನಾಚಿಕೆ.

ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್, ಪ್ಯಾಲಿಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುವುದರಿಂದ ಹೀಗಾಗುತ್ತದೆ. ಗಂಡಸರಲ್ಲಿ ಲೈಂಗಿಕ ಆಸಕ್ತಿ, ಶಕ್ತಿ ಕುಗ್ಗುತ್ತದೆ. ಅವರು ಯಾರಿಗೂ ಹೇಳದೆ ಮಾತ್ರೆ ಬಿಡುವುದಕ್ಕೆ ಇದು ದೊಡ್ಡ ಕಾರಣ. ಮಾತ್ರೆ ಬದಲಿಸಿದರೆ ಸರಿಹೋಗುತ್ತದೆ. ಮುಟ್ಟು ನಿಂತಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು: ಮಾತ್ರೆ ಬದಲಿಸಿದಾಗ ಮುಟ್ಟಿನ ಜೊತೆ ಬಸಿರಾಗುವ ಶಕ್ತಿಯೂ ಮರಳುತ್ತದೆ. ಮಗು ಬೇಡವಾದರೆ ಆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಬೇಕಾದರೆ ಮಾತ್ರೆ ನಿಲ್ಲಿಸುವ ಮುಂಚೆ ಡಾಕ್ಟರೊಡನೆ ಕೂತು ಮಾತಾಡಿ.

ಪ್ರಶ್ನೆ: ವರ್ಷಾನುಗಟ್ಟಲೆ ತಿಂದರೆ ಶಾಶ್ವತ ತೊಂದರೆ ಇದೆಯಾ?

ಇದೆ. ಟಾರ್ಡಿವ್ ಡಿಸ್ಕೈನೀಸಿಯಾ. ಬಾಯಲ್ಲಿ ಏನೂ ಇಲ್ಲದೆ ಮೆಲುಕು ಹಾಕಿದಂತೆ ಆಡುವುದು, ತುಟಿ ಚಪ್ಪರಿಸುವುದು, ಬೆರಳು ತಾನಾಗಿ ಕುಣಿಯುವುದು. ಹಳೆಯ ಮಾತ್ರೆಗಳಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಐದು ಮಂದಿಗೆ ಬರುತ್ತಿತ್ತು, ಹೊಸವುಗಳಲ್ಲಿ ಕಡಿಮೆ. ಆರು ತಿಂಗಳಿಗೊಮ್ಮೆ ನಾಲಿಗೆ ಹೊರಚಾಚಿ ಹಾಗೇ ಹಿಡಿಯಲು ಹೇಳಿ ನೋಡಿ, ಹುಳುವಿನಂತೆ ಹೊರಳಿದರೆ ತಿಳಿಸಿ. ಬೇಗ ಗೊತ್ತಾದರೆ ತಗ್ಗುವ ಸಾಧ್ಯತೆ ಹೆಚ್ಚು. ಮೇಲೆ ಹೇಳಿದ ಟ್ರೈಹೆಕ್ಸಿಫೆನಿಡಿಲ್ ಇದನ್ನು ಹೆಚ್ಚಿಸುತ್ತದೆ; ನಡುಕದ ಮಾತ್ರೆ ಎಂದುಕೊಂಡು ಅದನ್ನೇ ಏರಿಸಬಾರದು.

ಪ್ರಶ್ನೆ: ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಜೋರು ಜ್ವರ, ಮರದ ಕೊರಡಿನಂತೆ ಮೈ ಬಿಗಿತ, ಬೆವರು, ಗುರುತು ಹಿಡಿಯದಷ್ಟು ಗೊಂದಲ, ಇವೆಲ್ಲ ಒಟ್ಟಿಗೆ ಬಂದರೆ. ಇದು ಅಪರೂಪ, ಆದರೆ ಜೀವಕ್ಕೆ ಕುತ್ತು. ಮುಂದಿನ ಮಾತ್ರೆ ಕೊಡದೆ, ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕ್ಲೋಜಪಿನ್‌ನವರಿಗೆ ಜ್ವರ, ಗಂಟಲುನೋವು, ಎದೆನೋವು, ಅಥವಾ ಹೊಟ್ಟೆ ಉಬ್ಬಿ ವಾಂತಿ ಬಂದರೂ ಅದೇ ದಿನ.

ಪ್ರಶ್ನೆ: ಕ್ಲೋಜಪಿನ್ ಹೆಸರು ಕೇಳಿದರೇ ಭಯ. ಬೇಕೇ ಬೇಕಾ?

ಎರಡು ಬೇರೆ ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ, ತಲಾ ಕನಿಷ್ಠ ಆರು ವಾರ, ನಿಜವಾಗಿ ನುಂಗಿಯೂ ಗುಣ ಕಾಣದವರಿಗೆ ಇದನ್ನು ಬಿಟ್ಟರೆ ಬೇರೆ ಗಟ್ಟಿ ಆಯ್ಕೆ ಇಲ್ಲ. 1988ರ ಪ್ರಸಿದ್ಧ ಅಮೆರಿಕನ್ ಪ್ರಯೋಗದಲ್ಲಿ ಇಂಥವರಲ್ಲೇ ಶೇ. 30 ಮಂದಿ ಕ್ಲೋಜಪಿನ್‌ನಿಂದ ಸುಧಾರಿಸಿದರು, ಕ್ಲೋರ್‌ಪ್ರೊಮಜಿನ್‌ನಿಂದ ಶೇ. 4. ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುವುದರಲ್ಲೂ ಇದೇ ಮುಂದು. ನಮ್ಮ ಅಭಿಪ್ರಾಯದಲ್ಲಿ ಇದನ್ನು ಕೊಡುವುದು ತಡವಾಗುತ್ತಿದೆ. ಐದಾರು ಮಾತ್ರೆಗಳ ಮಿಶ್ರಣದಲ್ಲಿ ವರ್ಷಗಳು ಕಳೆದ ಮೇಲೆ ಇದರ ನೆನಪಾಗುತ್ತದೆ.

ಭಯಕ್ಕೆ ಕಾರಣವಿದೆ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ ಬಿಳಿ ರಕ್ತಕಣ ಕುಸಿಯುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದರಿಂದ ಸಾವುಗಳಾದವು, ಆಮೇಲೆ ಎಷ್ಟೋ ದೇಶಗಳಲ್ಲಿ ಮಾತ್ರೆಯೇ ಮೂಲೆಗೆ ಹೋಯಿತು. ಹಾಗಾಗಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ, ಇದು ನಮ್ಮಲ್ಲಿ ರೂಢಿ. ವರದಿಯಲ್ಲಿ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 1500ಕ್ಕಿಂತ ಕೆಳಗಿಳಿದರೆ ಮಾತ್ರೆ ನಿಲ್ಲಿಸಿ ಅಂದೇ ಡಾಕ್ಟರಿಗೆ ಹೇಳಬೇಕು.

ರಕ್ತದ ಚಿಂತೆಯಲ್ಲಿ ಮಲಬದ್ಧತೆ ಮರೆತುಹೋಗುತ್ತದೆ. ಕ್ಲೋಜಪಿನ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ, ಕರುಳು ಕಟ್ಟಿ ಸತ್ತವರಿದ್ದಾರೆ. ಎರಡು ದಿನ ಮಲ ಹೋಗದಿದ್ದರೆ ಸುಮ್ಮನಿರಬೇಡಿ. 12.5 ಮಿ.ಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನು ಹಾಗೇ ಕೊಡಬಾರದು, ಬಿಪಿ ಕುಸಿದು ಬೀಳಬಹುದು, ಮತ್ತೆ 12.5ರಿಂದಲೇ. ರಾತ್ರಿ ದಿಂಬು ನೆನೆಯುವಷ್ಟು ಜೊಲ್ಲು ಬರುವುದುಂಟು, ಪಕ್ಕಕ್ಕೆ ತಿರುಗಿ ಮಲಗಿಸಿ, ದಿಂಬಿನ ಮೇಲೆ ಟವೆಲು ಹಾಸಿ.

ಪ್ರಶ್ನೆ: ಬೀಡಿ, ಕುಡಿತ, ಉಪವಾಸ, ಬಿಸಿಲು?

ಬೀಡಿ ಸಿಗರೇಟಿನ ಹೊಗೆ ಕ್ಲೋಜಪಿನ್, ಒಲಾಂಜಪಿನ್ ಎರಡನ್ನೂ ಲಿವರಿನಲ್ಲಿ ಬೇಗ ಕರಗಿಸುತ್ತದೆ. ಹಾಗಾಗಿ ದಿಢೀರನೆ ಬೀಡಿ ಬಿಟ್ಟರೆ ಅದೇ ಡೋಸು ಹೆಚ್ಚಾಗಿ ಮಂಪರು, ಕ್ಲೋಜಪಿನ್‌ನಲ್ಲಿ ಫಿಟ್ಸ್ ಕೂಡ ಬರಬಹುದು. ಬಿಡುವುದು ಒಳ್ಳೆಯದೇ, ಡಾಕ್ಟರಿಗೆ ಹೇಳಿ ಬಿಡಿ. ಕುಡಿತ ಮಂಪರನ್ನು ಹೆಚ್ಚಿಸುತ್ತದೆ, ಗಾಂಜಾ ಕಾಯಿಲೆಯನ್ನೇ ಕೆರಳಿಸುತ್ತದೆ. ಏಕಾದಶಿಗೋ ರೋಜಾಕ್ಕೋ ಮಾತ್ರೆ ತಪ್ಪಿಸಬೇಡಿ, ಹೊತ್ತು ಬದಲಿಸಿಕೊಳ್ಳಬಹುದು. ಲುರಾಸಿಡೋನ್ ಕನಿಷ್ಠ 350 ಕ್ಯಾಲೊರಿ ಊಟದ ಜೊತೆ ಹೋಗಬೇಕು, ಜಿಪ್ರಸಿಡೋನ್‌ಗೆ 500. ಎರಡು ಬಿಸ್ಕತ್ತು, ಒಂದು ಲೋಟ ಹಾಲಿನ ಮೇಲೆ ನುಂಗಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಕಲಬುರಗಿ ರಾಯಚೂರು ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ನೆರಳು, ನೀರು ನೋಡಿಕೊಳ್ಳಬೇಕು, ಈ ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ.

ಪ್ರಶ್ನೆ: ನುಂಗಲು ಒಪ್ಪಲ್ಲ. ಕಾಫಿಗೆ ಹಾಕಿ ಕೊಡಬಹುದಾ?

ಎಷ್ಟೋ ಮನೆಗಳಲ್ಲಿ ಇದನ್ನು ಮಾಡುತ್ತಾರೆ, ಮಾಡುವವರಿಗೆ ಬೇರೆ ದಾರಿ ಕಾಣದಿರುವುದೂ ನಿಜ. ಆದರೆ ಹೀಗೆ ಕೆಡುತ್ತದೆ: ಅರ್ಧ ಲೋಟ ಕುಡಿದು ಇಟ್ಟರೆ ಎಷ್ಟು ಒಳಗೆ ಹೋಯಿತು ಗೊತ್ತಾಗುವುದಿಲ್ಲ. ಕತ್ತು ತಿರುಚಿಕೊಂಡರೆ ಯಾಕೆಂದು ಅವರಿಗೆ ತಿಳಿಯುವುದಿಲ್ಲ. "ಊಟದಲ್ಲಿ ಏನೋ ಹಾಕ್ತಾರೆ" ಎಂಬುದೇ ಅವರ ಅನುಮಾನವಾಗಿದ್ದರೆ, ಸಿಕ್ಕಿಬಿದ್ದ ದಿನ ಅದು ನಿಜವೇ ಆಗಿಬಿಡುತ್ತದೆ. ಆಮೇಲೆ ನಿಮ್ಮ ಕೈಯ ಊಟವೂ ಬೇಡವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿರ್ಧರಿಸುವ ಸಾಮರ್ಥ್ಯವಿರುವ ವಯಸ್ಕರಿಗೆ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಕ್ಲೋಜಪಿನ್ ಅನ್ನಂತೂ ಎಂದೂ ಕದ್ದು ಕೊಡಬೇಡಿ. ಯಾಕೆ ಬೇಡವೆನ್ನುತ್ತಾರೆ ಎಂದು ಮೊದಲು ಕೇಳಿ. ತೂಕ, ಮಂಪರು, ಗಂಡಸ್ತನದ ಚಿಂತೆ ಇದ್ದರೆ ಮಾತ್ರೆ ಬದಲಿಸಿದರೇ ಒಪ್ಪಬಹುದು. ಕೆನ್ನೆಯೊಳಗೆ ಅಡಗಿಸಿ ಉಗುಳುವವರಿಗೆ ಬಾಯಲ್ಲೇ ಕರಗುವ ಮಾತ್ರೆ ಇದೆ, ಇಂಜೆಕ್ಷನ್ ಇದೆ.

ಪ್ರಶ್ನೆ: ತಿಂಗಳ ಇಂಜೆಕ್ಷನ್ ಒಳ್ಳೆಯದಾ?

ದಿನವೂ ಮಾತ್ರೆಗಾಗಿ ಜಗಳ ಇರುವ ಮನೆಗೆ ದೊಡ್ಡ ನೆಮ್ಮದಿ. ಫ್ಲೂಫೆನಜಿನ್ 25 ಮಿ.ಗ್ರಾಂ 2ರಿಂದ 4 ವಾರಕ್ಕೊಮ್ಮೆ, ಹ್ಯಾಲೊಪೆರಿಡಾಲ್ ತಿಂಗಳಿಗೊಮ್ಮೆ. ಎರಡೂ ಅಗ್ಗ, ಎರಡೂ ಎಳ್ಳೆಣ್ಣೆಯಲ್ಲಿ ಕರಗಿಸಿದವು, ಎಳ್ಳಿನ ಅಲರ್ಜಿ ಇದ್ದರೆ ಹೇಳಿ. ಪ್ಯಾಲಿಪೆರಿಡೋನ್ ದುಬಾರಿ, ಮೊದಲ ದಿನ 150, ಎಂಟನೇ ದಿನ 100 ಮಿ.ಗ್ರಾಂ, ಆಮೇಲೆ ತಿಂಗಳಿಗೊಮ್ಮೆ. ಒಂದೇ ಎಚ್ಚರಿಕೆ, ಒಳಗೆ ಹೋದ ಮದ್ದನ್ನು ಹೊರತೆಗೆಯಲಾಗದು. ಅದಕ್ಕೇ ಅದೇ ಮದ್ದನ್ನು ಮೊದಲು ಮಾತ್ರೆಯಾಗಿ ಕೊಟ್ಟು ಮೈಗೆ ಒಗ್ಗುತ್ತದೆಯೇ ನೋಡುತ್ತಾರೆ.

ಪ್ರಶ್ನೆ: ಈಗ ಚೆನ್ನಾಗಿದ್ದಾನೆ. ಯಾವಾಗ ಬಿಡಬಹುದು?

ಮೊದಲ ಸಲದ ಕಾಯಿಲೆಯಾದರೆ, ಪೂರ್ತಿ ಗುಣವಾದ ಮೇಲೆ ಒಂದರಿಂದ ಎರಡು ವರ್ಷ ಮುಂದುವರಿಸಿ, ಆಮೇಲೆ ಯೋಚಿಸಬಹುದು. ಎರಡು ಮೂರು ಸಲ ಮರುಕಳಿಸಿದ್ದರೆ ಕನಿಷ್ಠ ಐದು ವರ್ಷ, ಹಲವರಿಗೆ ಅದಕ್ಕಿಂತ ದೀರ್ಘ. ಮದುವೆ ಗೊತ್ತಾಯಿತೆಂದು, ಹುಡುಗಿ ಮನೆಯವರಿಗೆ ತಿಳಿಯಬಾರದೆಂದು ಮಾತ್ರೆ ನಿಲ್ಲಿಸುವುದು ತೀರಾ ಕೆಟ್ಟ ಗಳಿಗೆಯ ಆಯ್ಕೆ. ನಿದ್ದೆಗೆಟ್ಟು, ಓಡಾಟ ಹೆಚ್ಚಾದ ಸಮಯದಲ್ಲೇ ಕಾಯಿಲೆ ಕೆರಳುತ್ತದೆ.

ಡೋಸು ಇಳಿಸುವುದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. 2013ರ ಡಚ್ ಅಧ್ಯಯನದಲ್ಲಿ ಮೊದಲ ಸಲದ ಕಾಯಿಲೆಯವರ ಪೈಕಿ ಡೋಸು ಇಳಿಸುವ ಗುಂಪಿನಲ್ಲಿದ್ದವರು ಏಳು ವರ್ಷಕ್ಕೆ ಹೆಚ್ಚು ಚೇತರಿಸಿಕೊಂಡಿದ್ದರು, ಅವರಲ್ಲಿ ಶೇ. 40.4, ಡೋಸು ಹಾಗೇ ಮುಂದುವರಿಸುವ ಗುಂಪಿನಲ್ಲಿ ಶೇ. 17.6. ಆದರೆ ಕಾಯಿಲೆ ಹಳೆಯದಾದವರ ಮೇಲೆ ಇಂಗ್ಲೆಂಡಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೋಸು ಇಳಿಸಿದವರ ಸಾಮಾಜಿಕ ಬದುಕು ಎರಡು ವರ್ಷಕ್ಕೆ ಸುಧಾರಿಸಲಿಲ್ಲ, ತೀವ್ರವಾಗಿ ಮರುಕಳಿಸಿದ್ದು ಶೇ. 13ರ ಬದಲು ಶೇ. 25. ಯಾರಿಗೆ ಇಳಿಸಬಹುದು ಎಂಬುದು ಕಾಯಿಲೆ ಎಷ್ಟು ಹಳೆಯದು, ಹಿಂದಿನ ಸಲ ಬಿಟ್ಟಾಗ ಏನಾಯಿತು, ಮನೆಯಲ್ಲಿ ಗಮನಿಸುವವರಿದ್ದಾರೆಯೇ ಎಂಬುದರ ಮೇಲೆ ನಿಂತಿದೆ.

ಇಳಿಸುವುದೇ ಆದರೆ ಮೊದಲ ಉತ್ತರದ ಅಂಕಿ ನೋಡಿ. ರಿಸ್ಪೆರಿಡೋನನ್ನು 6ರಿಂದ 4 ಮಿ.ಗ್ರಾಂಗೆ ಇಳಿಸಿದಾಗ ಮುಚ್ಚಿದ ಜಾಗ ಶೇ. 79ರಿಂದ 73ಕ್ಕೆ ಇಳಿಯುತ್ತದೆ, ಅಷ್ಟೇ. 2ರಿಂದ ಸೊನ್ನೆಗೆ ಹೋದರೆ ಒಂದೇ ಏಟಿಗೆ 66ರಿಂದ ಸೊನ್ನೆ. "2 ಮಿ.ಗ್ರಾಂ ಏನು ಮಹಾ, ಬಿಟ್ಟುಬಿಡೋಣ" ಎನ್ನುವುದು ಎಡವುವ ಜಾಗ. ಕೊನೆಯ ಮೆಟ್ಟಿಲುಗಳು ತೀರಾ ಸಣ್ಣದಾಗಿರಬೇಕು, ಪ್ರತಿ ಮೆಟ್ಟಿಲಲ್ಲೂ ಒಂದರಿಂದ ಮೂರು ತಿಂಗಳು ನಿಲ್ಲಬೇಕು. ಒಂದು ದಿನ ಬಿಟ್ಟು ಒಂದು ದಿನ ಕೊಡುವುದು ಇಳಿಸುವ ಕ್ರಮವಲ್ಲ.

ಪ್ರಶ್ನೆ: ಒಂದು ಹೊತ್ತು ಮರೆತರೆ?

ಅದೇ ದಿನ ನೆನಪಾದರೆ ಕೊಡಿ. ಮರುದಿನ ಎರಡು ಒಟ್ಟಿಗೆ ಬೇಡ.

ಪ್ರಶ್ನೆ: ದೇವಸ್ಥಾನ, ದರ್ಗಾ, ಹರಕೆ?

ಹೋಗಿ ಬನ್ನಿ, ಡಬ್ಬಿ ಜೊತೆಗಿರಲಿ. ಮಾತ್ರೆ ನಿಲ್ಲಿಸಿ ಎನ್ನುವವರ, ಕಟ್ಟಿಹಾಕಿ ಹೊಡೆಯುವವರ ಹತ್ತಿರ ಮಾತ್ರ ಬಿಟ್ಟು ಬರಬೇಡಿ.

ಪ್ರಶ್ನೆ: ತಿಂಗಳ ಖರ್ಚು ಹೊರೆಯಾಗಿದೆ.

ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಾಮಾನ್ಯ ಮಾತ್ರೆಗಳು ಉಚಿತ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ವಿಚಾರಿಸಿ. ಜನೌಷಧಿ ಅಂಗಡಿಯಲ್ಲಿ ಬ್ರ್ಯಾಂಡಿನ ಹೆಸರು ಬೇಡ, ಮದ್ದಿನ ಹೆಸರು ಹೇಳಿ. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ 2016ರ ಕಾಯ್ದೆಯಂತೆ ಪ್ರಮಾಣಪತ್ರ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಸಿಗುತ್ತದೆ.

ಪ್ರಶ್ನೆ: ಮುಂದಿನ ಸಲ ಡಾಕ್ಟರಿಗೆ ಏನೇನು ಹೇಳಬೇಕು?

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕಳೆದ ಸಲದಿಂದ ಎಷ್ಟು ಮಾತ್ರೆ ತಪ್ಪಿತು (ನಿಜ ಬರೆಯಿರಿ, ಇಲ್ಲದಿದ್ದರೆ ಡೋಸು ಸುಮ್ಮನೆ ಏರುತ್ತದೆ), ರಾತ್ರಿ ಎಷ್ಟು ಗಂಟೆ ನಿದ್ದೆ, ಈಗಿನ ತೂಕ, ಎಷ್ಟು ದಿನಕ್ಕೊಮ್ಮೆ ಮಲ, ಮುಟ್ಟಿನ ತಾರೀಕು, ನಡುಕ ಚಡಪಡಿಕೆ ಇದೆಯೇ, ಬೇರೆ ಯಾವ ಮಾತ್ರೆ ಕಷಾಯ ನಡೆಯುತ್ತಿದೆ. ಕೊನೆಗೆ ಎರಡು ಸಾಲಿನ ಜಾಗ ಖಾಲಿ ಬಿಟ್ಟು ಚೀಟಿಯನ್ನು ಕಾಯಿಲೆಯವರ ಕೈಗೇ ಕೊಡಿ. ಅಲ್ಲಿ ಅವರು ಬರೆಯುವುದು ಹೆಚ್ಚಾಗಿ ನೀವು ಬರೆದಿರದ ವಿಷಯವೇ ಆಗಿರುತ್ತದೆ.